ಕುಂಡದ ಬಸರಿ, ಕೊಡಗಿನ ಮಳೆ

ಬೋನ್ಸಾಯ್ ಕಲಿಸುವ ಪುಸ್ತಕಗಳು ಹೆಚ್ಚಾಗಿ ಚಳಿದೇಶಗಳವು. ಅವುಗಳಲ್ಲಿ ಹೊಸಬರ ಮೊದಲ ಮರವಾಗಿ ಲಾರ್ಚ್ ಹೆಸರು ಮತ್ತೆ ಮತ್ತೆ ಬರುತ್ತದೆ. ಆ ಪಾಠವನ್ನು ಕೊಡಗಿಗೆ ತಂದರೆ ಏನೇನು ಬದಲಾಗಬೇಕು ಎಂಬುದು ಕೆಳಗಿನ ಮಾತುಕತೆಯ ವಿಷಯ. ಒಬ್ಬರು ಕಾಫಿ ತೋಟ ಬಲ್ಲವರು, ಕುಂಡದ ಮರಕ್ಕೆ ಹೊಸಬರು. ಇನ್ನೊಬ್ಬರದು ಕುಂಡದಲ್ಲೇ ಪಳಗಿದ ಕೈ.

ತೋಟದವರು: ಲಾರ್ಚ್ ಕೊಡಗಿನಲ್ಲಿ ಬದುಕುತ್ತದೆಯೇ? ಮಡಿಕೇರಿಯ ಚಳಿ ಸಾಲದೇ?

ಕುಂಡದವರು: ಸಾಲದು. ಲಾರ್ಚ್ ಪೈನ್ ಬಳಗದ ಮರವಾದರೂ ಚಳಿಗಾಲಕ್ಕೆ ಸೂಜಿಯೆಲೆಗಳನ್ನೆಲ್ಲ ಉದುರಿಸಿ ಬೋಳಾಗುತ್ತದೆ. ಉದುರುವ ಮುಂಚೆ ಇಡೀ ಮರ ಹೊಂಬಣ್ಣಕ್ಕೆ ತಿರುಗುತ್ತದೆ. ಭಾರತದಲ್ಲಿ ಅದು ಸಿಗುವುದು ಸಿಕ್ಕಿಂ, ಅರುಣಾಚಲದ ಎತ್ತರದ ಬೆಟ್ಟಗಳಲ್ಲಿ. ವಾರಗಟ್ಟಲೆ ಕೊರೆಯುವ ಚಳಿಯಲ್ಲಿ ನಿದ್ದೆ ಹೋದರೆ ಮಾತ್ರ ವಸಂತದಲ್ಲಿ ಸರಿಯಾಗಿ ಚಿಗುರುವ ಜಾತಿ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿದ್ದರೂ ಜನವರಿಯ ಹಗಲು ಅಲ್ಲಿ ಬೆಚ್ಚಗೇ ಇರುತ್ತದೆ. ಹಣ ಕೊಟ್ಟು ತರಿಸಿದ ಲಾರ್ಚ್ ಇಲ್ಲಿ ನಿದ್ದೆಗೆಟ್ಟು ಸೊರಗಿ ಸಾಯುತ್ತದೆ, ಹಣ ದಂಡ.

ತೋಟದವರು: ಹಾಗಾದರೆ ಆ ಪುಸ್ತಕಗಳನ್ನು ಮುಚ್ಚಿಡಬೇಕೇ?

ಕುಂಡದವರು: ಮುಚ್ಚಿಡಬೇಕಾಗಿಲ್ಲ. ಹೊಸಬರಿಗೆ ಲಾರ್ಚನ್ನೇ ಏಕೆ ಕೊಡುತ್ತಾರೆ ಎಂದು ನೋಡಿದರೆ ಇಲ್ಲಿನ ಮರವನ್ನು ಆರಿಸುವುದು ಸುಲಭ. ಲಾರ್ಚಿನ ಎಳೆ ಕೊಂಬೆ ಚೆನ್ನಾಗಿ ಬಗ್ಗುತ್ತದೆ. ಕತ್ತರಿಸಿದರೆ ಹಿಂದಿನ ಕಡೆಯಿಂದ ಚಿಗುರು ಬರುತ್ತದೆ. ಬೆಳವಣಿಗೆ ಚುರುಕು, ಹಾಗಾಗಿ ತಪ್ಪು ಬೇಗ ಮುಚ್ಚಿಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ವರ್ಷದಲ್ಲಿ ಒಂದಷ್ಟು ದಿನ ಅದು ಬೋಳಾಗಿ ನಿಲ್ಲುತ್ತದೆ. ಯಾವ ಕೊಂಬೆ ಎಲ್ಲಿಂದ ಹೊರಟು ಎತ್ತ ಹೋಗಿದೆ ಎಂಬುದು ಆಗ ಕಣ್ಣಿಗೆ ಬೀಳುತ್ತದೆ, ಕೊಂಬೆ ಬಗ್ಗಿಸಲು ಸುತ್ತುವ ತಂತಿಗೆ ಎಲೆಯ ಅಡ್ಡಿಯೂ ಇರುವುದಿಲ್ಲ. ಈ ಗುಣಗಳೆಲ್ಲ ಕೂಡಿದ ಮರ ಕೊಡಗಿನ ತೋಟಗಳಲ್ಲೇ ಇದೆ.

ತೋಟದವರು: ಯಾವುದು? ಸಿಲ್ವರ್ ಓಕೇ?

ಕುಂಡದವರು: ಸಿಲ್ವರ್ ಓಕ್ ಖಂಡಿತ ಬೇಡ. ಅದು ನೆಟ್ಟಗೆ ಮೇಲಕ್ಕೆ ಓಡುವ ಮರ, ಸೀಳುಸೀಳಾದ ಅದರ ಎಲೆ ಪುಟ್ಟ ಕುಂಡಕ್ಕೆ ಹೊಂದುವುದಿಲ್ಲ. ಬೇಕಾದದ್ದು ಬಸರಿ. ಕಾಫಿಗೆ ನೆರಳು ಕೊಡುವ ಅದೇ ಬಸರಿ. ಒಣಹವೆಯ ದಿನಗಳಲ್ಲಿ ಎಲೆ ಉದುರಿಸಿ ಸ್ವಲ್ಪ ಕಾಲ ಬರಿದಾಗುತ್ತದೆ, ಆಮೇಲೆ ತಾಮ್ರಬಣ್ಣದ ಚಿಗುರು ಒಮ್ಮೆಲೇ ಒಡೆಯುತ್ತದೆ. ಆ ಬರಿಮೈಯ ದಿನಗಳೇ ಇಲ್ಲಿನ ಲಾರ್ಚ್ ಕಾಲ. ಲಾರ್ಚಿನ ಪಾಠದ ತಿರುಳು ಬಸರಿಗೂ ಹೊಂದುತ್ತದೆ. ತಿಂಗಳುಗಳನ್ನು ಮಾತ್ರ ಇಲ್ಲಿನ ಮಳೆಗೆ ಹೊಂದಿಸಿಕೊಳ್ಳಬೇಕು.

ತೋಟದವರು: ಅತ್ತಿ, ಗೋಣಿ, ಆಲವೂ ತೋಟದಲ್ಲಿವೆಯಲ್ಲ?

ಕುಂಡದವರು: ಅತ್ತಿಯ ಎಲೆ ದೊಡ್ಡದು, ಮೈತುಂಬ ಕಾಯಿ. ಮರ ಕುಗ್ಗಿದರೂ ಕಾಯಿ ಅಷ್ಟಾಗಿ ಕುಗ್ಗುವುದಿಲ್ಲ. ಗೋಣಿ, ಆಲಗಳ ಎಲೆಯೂ ಅಗಲವೇ. ನರ್ಸರಿಯಲ್ಲಿ ಬರಿಯ ಫೈಕಸ್ ಎಂದು ಮಾರುವ ಪಿಲಾಲ ಒಳ್ಳೆಯದು, ಸಣ್ಣ ಎಲೆ, ಗಟ್ಟಿ ಜೀವ. ಅದು ನಿತ್ಯಹಸಿರು, ಹಾಗಾಗಿ ಕೊಂಬೆ ನೋಡಬೇಕಾದರೆ ಎಲೆ ಕತ್ತರಿಸಬೇಕು. ಲಾರ್ಚಿನ ಸೂಜಿಯೆಲೆಯ ಚೆಲುವೇ ಬೇಕು ಎನ್ನುವವರು ಸರ್ವೆ, ಅಂದರೆ ಗಾಳಿಮರ, ಹಾಕಬಹುದು. ಆದರೆ ಅದಕ್ಕೆ ದಿನವಿಡೀ ಬಿಸಿಲು ಬೇಕು. ಕುಶಾಲನಗರದ ಕಡೆ ಸರಿ, ಭಾಗಮಂಡಲದಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಬಿಸಿಲನ್ನು ಎಲ್ಲಿಂದ ತರುವುದು? ಪಶ್ಚಿಮಘಟ್ಟದ ಒಂದೇ ಒಂದು ಸ್ವಂತ ಶಂಕುಧಾರಿ ನಾಗೇಯಾ ಇದೆಯಲ್ಲ, ಅದಕ್ಕೂ ಸೂಜಿಯೆಲೆಯಿಲ್ಲ, ಅಗಲ ಎಲೆ.

ತೋಟದವರು: ಕಾಫಿ ಗಿಡವೇ ಕೈಯಳತೆಯಲ್ಲಿದೆ. ಹಳೆಯ ಅರೇಬಿಕಾ ಬೊಡ್ಡೆಗಳು ಎಷ್ಟು ಚೆಂದ!

ಕುಂಡದವರು: ಬೊಡ್ಡೆ ಚೆಂದವೇ, ಪೀಠೋಪಕರಣಕ್ಕೆ. ಕಾಫಿಯಲ್ಲಿ ಎರಡು ಬಗೆಯ ಚಿಗುರು ಇರುವುದು ತೋಟದವರಿಗೆ ಹೇಳಿಕೊಡಬೇಕಾದ್ದಲ್ಲ. ಮೇಲಕ್ಕೆ ಹೋಗುವ ಕಂಬಚಿಗುರು ಬೇರೆ, ಅಡ್ಡಕ್ಕೆ ಹೋಗುವ ಕೊಂಬೆ ಬೇರೆ. ಅಡ್ಡಕೊಂಬೆ ಯಾವತ್ತೂ ಮರದ ತಲೆಯಾಗುವುದಿಲ್ಲ, ಅದನ್ನು ಕತ್ತರಿಸಿ ಬೇರು ಬರಿಸಿ ನೆಟ್ಟರೂ ಅಡ್ಡಡ್ಡವೇ ಬೆಳೆಯುತ್ತದೆ. ಬೋನ್ಸಾಯ್‌ನಲ್ಲಿ ಪಕ್ಕದ ಕೊಂಬೆಯನ್ನು ಎತ್ತಿ ಹೊಸ ತಲೆ ಮಾಡುವುದು ದಿನನಿತ್ಯದ ಕೆಲಸ, ಕಾಫಿ ಅದಕ್ಕೆ ಒಲ್ಲದು. ಎಲೆಯೂ ಉದ್ದ, ಗೆಣ್ಣಿಗೆ ಗೆಣ್ಣು ದೂರ. ಕಲಿತ ಮೇಲೆ ಹುಡುಗಾಟಕ್ಕೆ ಮಾಡಿ ನೋಡಬಹುದು.

ತೋಟದವರು: ಬಸರಿ ಸಸಿ ಎಲ್ಲಿಂದ?

ಕುಂಡದವರು: ಹಕ್ಕಿಗಳು ಹಾಕಿಟ್ಟಿವೆ. ಹೆಂಚಿನ ಮಾಡಿನ ಸಂದು, ಬಾವಿಕಟ್ಟೆ, ಗೊಬ್ಬರದ ಗುಂಡಿಯ ಗೋಡೆ, ಹಳೆಯ ಐನ್‌ಮನೆಯ ಮೆಟ್ಟಿಲ ಬಿರುಕು, ಇಲ್ಲೆಲ್ಲ ಬಸರಿ, ಅರಳಿ, ಗೋಣಿ ಹುಟ್ಟಿರುತ್ತವೆ. ಗೋಡೆ ಉಳಿಯಬೇಕಾದರೆ ಅವನ್ನು ಹೇಗೂ ಕೀಳಬೇಕು. ಇಂಥ ಸಸಿಯ ಬುಡ ಕಲ್ಲಿನ ಸಂದಿನಲ್ಲಿ ಸಿಕ್ಕಿ ಚಪ್ಪಟೆಯಾಗಿಯೋ ಸೊಟ್ಟಗಾಗಿಯೋ ಇರುತ್ತದೆ, ನರ್ಸರಿ ಸಸಿಗೆ ಈ ವಕ್ರತೆ ಬರುವುದಿಲ್ಲ. ದೇವರಕಾಡಿನಿಂದ ಮಾತ್ರ ಕಡ್ಡಿಯನ್ನೂ ಎತ್ತಬಾರದು. ಮೀಸಲು ಅರಣ್ಯದಿಂದ ಕಿತ್ತರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಬೋನ್ಸಾಯ್ ಹೆಸರಿನಲ್ಲಿ ಕಾಡಿಗೆ ಕೈಹಾಕುವ ಚಟ ಬೇರೆ ಕಡೆಯೂ ಇದೆ, ಇಲ್ಲಿಗೆ ಅದು ಬೇಡ.

ತೋಟದವರು: ಕಿತ್ತ ಕೂಡಲೇ ತಂತಿ ಸುತ್ತಬಹುದೇ?

ಕುಂಡದವರು: ಒಂದು ವರ್ಷ ಸುಮ್ಮನೆ ಬಿಡಬೇಕು. ಅಗಲವಾದ ಮಣ್ಣಿನ ಕುಂಡದಲ್ಲಿ ಬೇರು ಹಿಡಿದು ಚೆನ್ನಾಗಿ ಚಿಗುರಲಿ. ಬೇರು ಕತ್ತರಿಸುವುದು, ಕೊಂಬೆ ಕತ್ತರಿಸುವುದು, ತಂತಿ ಬಿಗಿದು ಬಗ್ಗಿಸುವುದು, ಈ ಮೂರನ್ನೂ ಒಂದೇ ವಾರದಲ್ಲಿ ಮಾಡುವ ಆತುರವನ್ನು ಬಸರಿ ಕೆಲವೊಮ್ಮೆ ತಡೆದುಕೊಳ್ಳುತ್ತದೆ, ಅದರ ಔದಾರ್ಯ. ಬೇರೆ ಮರಗಳು ತಡೆಯುವುದಿಲ್ಲ, ಆದ್ದರಿಂದ ಆ ಅಭ್ಯಾಸವೇ ಬೇಡ.

ತೋಟದವರು: ಮಣ್ಣು? ತೋಟದ ಕೆಂಪು ಮಣ್ಣು ಆಗುತ್ತದೆಯೇ?

ಕುಂಡದವರು: ತಗ್ಗಾದ ಕುಂಡದಲ್ಲಿ ಆ ಮಣ್ಣು ಮಳೆಗಾಲದಲ್ಲಿ ಗಾರೆಯಾಗುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ಪಡುವಣಕ್ಕೆ ಹೋದಷ್ಟೂ ಇನ್ನೂ ಹೆಚ್ಚು. ಅಲ್ಲಿ ಕುಂಡದ ಮರ ಸಾಯುವುದು ಒಣಗಿ ಅಲ್ಲ, ಕೊಳೆತು. ಸಣ್ಣ ಜಲ್ಲಿ, ಇಟ್ಟಿಗೆಯ ಚೂರು, ಭತ್ತದ ಹೊಟ್ಟಿನ ಇದ್ದಿಲು, ಸ್ವಲ್ಪವೇ ಎಲೆಗೊಬ್ಬರ, ಇವನ್ನು ಜರಡಿ ಹಿಡಿದು ಪುಡಿಯನ್ನೆಲ್ಲ ತೆಗೆದು ಬೆರೆಸಬೇಕು. ನೀರು ಸುರಿದರೆ ಮೇಲೆ ನಿಲ್ಲದೆ ಆಗಿಂದಾಗಲೇ ಕೆಳಗಿಳಿಯಬೇಕು. ಕಕ್ಕಡದ ಜಡಿಮಳೆಯಲ್ಲಿ ಕುಂಡದ ಒಂದು ಬದಿಗೆ ಮರದ ಚಕ್ಕೆ ಕೊಟ್ಟು ಓರೆಯಾಗಿಟ್ಟರೆ ತಳದಲ್ಲಿ ನಿಂತ ನೀರೂ ಬಸಿದುಹೋಗುತ್ತದೆ. ತೀರಾ ಸಣ್ಣ ಉಪಾಯ, ಆದರೆ ಉಳಿಸುತ್ತದೆ.

ತೋಟದವರು: ಇನ್ನು ರೂಪ ಕೊಡುವುದಕ್ಕೆ ಬರೋಣ. ಮೊದಲು ಎಲ್ಲಿಗೆ ಕೈ?

ಕುಂಡದವರು: ಕೈಯಲ್ಲ, ಕಣ್ಣು ಬುಡಕ್ಕೆ. ಮೇಲ್ಮಣ್ಣನ್ನು ಬೆರಳಿನಿಂದ ಕೆದರಿ ಬೇರುಗಳು ಎಲ್ಲಿ ಹರಡಿವೆ ಎಂದು ನೋಡಬೇಕು. ಕುಂಡವನ್ನು ಸುತ್ತ ತಿರುಗಿಸುತ್ತಾ ಬೇರು ಅಗಲವಾಗಿ, ಕಾಂಡದ ಬಾಗು ಚೆನ್ನಾಗಿ ಕಾಣುವ ಬದಿಯನ್ನು ಮುಂಭಾಗವೆಂದು ಗೊತ್ತು ಮಾಡಬೇಕು. ಅಲ್ಲಿಗೆ ಒಂದು ಕಡ್ಡಿ ಚುಚ್ಚಿಟ್ಟರೆ ನಾಳೆ ಮನಸ್ಸು ಬದಲಾಗುವುದಿಲ್ಲ. ಆಮೇಲೆ ಕಾಂಡ ಬುಡದಿಂದ ತುದಿಗೆ ಹೋಗುವ ದಾರಿ. ಕೊಂಬೆಗಳ ಸರದಿ ಕಡೆಗೆ. ಹೊಸಬರು ಇದನ್ನು ತಿರುಗಾಮುರುಗಾ ಮಾಡುತ್ತಾರೆ, ಕೊಂಬೆಯ ತುದಿಯಿಂದ ಶುರು ಮಾಡಿ ಬುಡದ ಹತ್ತಿರ ಬರುವಷ್ಟರಲ್ಲಿ ಮರವೇ ಉಳಿದಿರುವುದಿಲ್ಲ.

ತೋಟದವರು: ಯಾವ ಕೊಂಬೆ ತೆಗೆಯುವುದು, ಯಾವುದು ಇಡುವುದು? ನೆರಳುಮರಗಳ ಮರಗಸಿಯಲ್ಲಾದರೆ ಬೆಳಕು ಎಲ್ಲಿ ಬೀಳಬೇಕು ಎಂಬ ಲೆಕ್ಕ ಇರುತ್ತದೆ.

ಕುಂಡದವರು: ಇಲ್ಲೂ ಮುಕ್ಕಾಲು ಪಾಲು ಅದೇ ಲೆಕ್ಕ. ಒಂದರ ಮೇಲೊಂದು ಬಂದು ಕೆಳಗಿನದಕ್ಕೆ ಬೆಳಕು ಕೊಡದ ಕೊಂಬೆ, ಬಾಗಿನ ಒಳಭಾಗದಿಂದ ಹೊರಟದ್ದು, ಒಂದೇ ಎತ್ತರದಲ್ಲಿ ಎದುರುಬದುರು ಬಂದ ಜೋಡಿಯಲ್ಲಿ ಒಂದು, ಒಂದೇ ಜಾಗದಿಂದ ಮೂರು ನಾಲ್ಕು ಒಡೆದದ್ದರಲ್ಲಿ ಒಂದೆರಡನ್ನು ಬಿಟ್ಟು ಉಳಿದವು, ಇವು ಹೋಗಬೇಕು. ಕೆಳಗಿನ ಮೊದಲ ಕೊಂಬೆ ಸುಮಾರು ಮೂರನೇ ಒಂದು ಎತ್ತರದಲ್ಲಿ ಎಂಬ ಮಾತು ಪುಸ್ತಕಗಳಲ್ಲಿದೆ. ಮಾತು ತಪ್ಪಲ್ಲ, ಅಳತೆಪಟ್ಟಿ ಹಿಡಿದು ಹುಡುಕುವುದು ತಪ್ಪು. ಸಂಶಯ ಬಂದ ಕೊಂಬೆಯನ್ನು ಕತ್ತರಿಸದೆ ಬಟ್ಟೆ ಸುತ್ತಿ ಮರೆಮಾಡಿ ನೋಡಬಹುದು. ಬಸರಿಯಲ್ಲಿ ಕತ್ತರಿಸಿದಲ್ಲಿ ಹಾಲು ಸುರಿಯುತ್ತದೆ. ನೀರು ಚಿಮುಕಿಸಿದರೆ ನಿಲ್ಲುತ್ತದೆ. ಬಟ್ಟೆಗೆ ತಾಗಿದರೆ ಕಲೆ, ಕೆಲವರ ಚರ್ಮಕ್ಕೆ ಉರಿ.

ತೋಟದವರು: ಪುಸ್ತಕದ ಲಾರ್ಚ್ ಚಿತ್ರಗಳಲ್ಲಿ ಕೊಂಬೆಗಳೆಲ್ಲ ಕೆಳಕ್ಕೆ ಇಳಿದಿವೆ. ಬಸರಿಯನ್ನೂ ಹಾಗೆ ಬಗ್ಗಿಸಬೇಕೇ?

ಕುಂಡದವರು: ಅದು ಹಿಮದ ನಾಡಿನ ರೂಪ. ವರ್ಷ ವರ್ಷ ಹಿಮದ ಭಾರ ಹೊತ್ತು ಹೊತ್ತು ಅಲ್ಲಿ ಮುದಿಮರದ ಕೊಂಬೆ ಜೋತುಬೀಳುತ್ತದೆ. ಕೊಡಗಿನ ತೋಟದಲ್ಲಿ ಹಳೆಯ ಬಸರಿ ನಿಂತಿರುವ ರೀತಿ ಬೇರೆ. ಬುಡ ದಪ್ಪ, ಕಾಂಡ ಬೇಗ ಕವಲು, ಕೊಂಬೆ ಹೊರಕ್ಕೆ ಹೋಗಿ ನಿಧಾನವಾಗಿ ಮೇಲಕ್ಕೇಳುತ್ತದೆ, ತಲೆ ಅಗಲ. ಅದನ್ನೇ ಕುಂಡದಲ್ಲಿ ತರಬೇಕು. ಬಸರಿಗೆ ದೇವದಾರುವಿನ ವೇಷ ಹಾಕಿದ ಬೋನ್ಸಾಯ್‌ಗಳು ಪ್ರದರ್ಶನಗಳಲ್ಲಿ ಎಷ್ಟೋ ಕಾಣುತ್ತವೆ, ಕಸುಬು ಕಾಣುತ್ತದೆ, ಮರ ಕಾಣುವುದಿಲ್ಲ. ಪಳಗಿದ ಕೈಯ ಕೆಲಸ ನೋಡಬೇಕೆಂದರೆ ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನ ದೂರವೇನಲ್ಲ, ಬೆಂಗಳೂರಿನ ಲಾಲ್‌ಬಾಗ್‌ನಲ್ಲೂ ಬೋನ್ಸಾಯ್ ತೋಟವಿದೆ. ಆದರೆ ರೂಪದ ಪಾಠಕ್ಕೆ ತೋಟದ ಹಳೆಯ ಮರವೇ ಮೊದಲ ಗುರು.

ತೋಟದವರು: ತಂತಿ ಎಂಥದು? ಬೇಲಿಯ ತಂತಿ ಮನೆಯಲ್ಲಿ ಬೇಕಾದಷ್ಟಿದೆ.

ಕುಂಡದವರು: ಕಬ್ಬಿಣ ಬೇಡ. ಕಂಬಿ ಕಟ್ಟುವ ತಂತಿ ತುಕ್ಕು ಹಿಡಿದು ತೊಗಟೆಗೆ ಕಲೆ ಬಿಡುತ್ತದೆ, ಬೇಲಿತಂತಿಯಂತೂ ಕೈಗೇ ಬಗ್ಗುವುದಿಲ್ಲ. ಬೋನ್ಸಾಯ್‌ಗೆಂದೇ ಕಂದು ಬಣ್ಣದ ಅಲ್ಯೂಮಿನಿಯಂ ತಂತಿ ಮಾರುತ್ತಾರೆ, 1 ಮಿ.ಮೀ.ನಿಂದ 6 ಮಿ.ಮೀ.ವರೆಗೆ. ಮೆತ್ತಗಿರುತ್ತದೆ, ಕಲಿಯುವವರಿಗೆ ಅದೇ ಸರಿ. ಕೊಂಬೆಯ ದಪ್ಪದ ಮೂರನೇ ಒಂದು ಪಾಲು ದಪ್ಪದ ತಂತಿ ಸಾಕು ಎಂಬುದು ರೂಢಿ. ಪೆನ್ಸಿಲ್ ಗಾತ್ರದ ಕೊಂಬೆಗೆ ಎರಡೂವರೆ ಮಿ.ಮೀ. ಇದ್ದರಾಯಿತು. ಇಲ್ಲದಿದ್ದರೆ ಮನೆ ವೈರಿಂಗ್‌ನ ಒಂಟಿ ಎಳೆಯ ತಾಮ್ರ. 2.5 ಚದರ ಮಿ.ಮೀ. ಎಂದು ಬರೆದಿರುವ ತಂತಿಯ ಅಡ್ಡಳತೆ 1.8 ಮಿ.ಮೀ.ನಷ್ಟು, 4 ಚದರ ಮಿ.ಮೀ.ನದು 2.3ರ ಸುಮಾರು. ಪ್ಲಾಸ್ಟಿಕ್ ಸುಲಿದೇ ತೆಗೆಯಬೇಕು, ಸುಟ್ಟರೆ ವಿಷದ ಹೊಗೆ. ಸುಲಿದ ತಾಮ್ರವನ್ನು ಮಂದಗೆಂಪು ಬಣ್ಣ ಬರುವವರೆಗೆ ಕಾಯಿಸಿ ಆರಿಸಿದರೆ ಮೆದುವಾಗುತ್ತದೆ, ಒಮ್ಮೆ ಬಗ್ಗಿದ ಮೇಲೆ ಬಿರುಸಾಗುತ್ತದೆ. ಅದೇ ಅದರ ಗುಣ. ತೆಳುವಾದ ತಾಮ್ರ ದಪ್ಪ ಅಲ್ಯೂಮಿನಿಯಂನ ಕೆಲಸ ಮಾಡುತ್ತದೆ. ಆದರೆ ಒಂದೇ ಕೊಂಬೆಯನ್ನು ಹತ್ತು ಸಲ ಅತ್ತಿತ್ತ ಮಾಡುವ ಹೊಸ ಕೈಗೆ ಅದು ಒಗ್ಗುವುದಿಲ್ಲ.

ತೋಟದವರು: ಸುತ್ತುವುದು ಹೇಗೆ?

ಕುಂಡದವರು: ಹಿಂದಿನ ದಿನ ನೀರು ಕಡಿಮೆ ಮಾಡಬೇಕು. ನೀರು ತುಂಬಿದ ರೆಂಬೆ ಪಟ್ಟನೆ ಮುರಿಯುತ್ತದೆ, ಸ್ವಲ್ಪ ಬಾಡಿದ್ದು ಬಗ್ಗುತ್ತದೆ. ಒಂದೇ ತುಂಡು ತಂತಿಯಿಂದ ಎರಡು ಕೊಂಬೆ ಹಿಡಿಯುವುದು ಈ ಕೆಲಸದ ಗುಟ್ಟು. ತಂತಿಯ ನಡುಭಾಗವನ್ನು ಕಾಂಡಕ್ಕೆ ಒಂದು ಸುತ್ತಾದರೂ ಬಳಸಿ, ಒಂದು ತುದಿಯನ್ನು ಎಡಗೊಂಬೆಗೆ, ಇನ್ನೊಂದನ್ನು ಅದಕ್ಕಿಂತ ಸ್ವಲ್ಪ ಮೇಲಿನ ಬಲಗೊಂಬೆಗೆ ಒಯ್ಯಬೇಕು. ಆಗ ಒಂದನ್ನು ಎಳೆದರೆ ಇನ್ನೊಂದು ತಡೆಯುತ್ತದೆ. ಕಾಂಡಕ್ಕೆ ಬಳಸದೆ ಕವಲಿನಿಂದ ಕವಲಿಗೆ ನೇರ ಹೋದರೆ ಒಂದು ಕೊಂಬೆ ಅಲುಗಿದಾಗ ಇನ್ನೊಂದೂ ಅಲುಗುತ್ತದೆ, ಸುತ್ತಿದ ಶ್ರಮ ವ್ಯರ್ಥ.

ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳು ಈಗಷ್ಟೇ ಬಿದ್ದ ಸುತ್ತನ್ನು ಒತ್ತಿ ಹಿಡಿದಿರುತ್ತವೆ, ಬಲಗೈ ಮುಂದಿನ ಸುತ್ತನ್ನು ಹಾಕುತ್ತದೆ. ಹಿಡಿದ ಬೆರಳು ಸುತ್ತಿನ ಜೊತೆಜೊತೆಗೇ ಮುಂದೆ ಸರಿಯುತ್ತದೆ. ಕೊಂಬೆಗೆ ಓರೆಯಾಗಿ 45 ಡಿಗ್ರಿಯಲ್ಲಿ ಸುತ್ತು ಬೀಳಬೇಕು. ತೀರಾ ಹತ್ತಿರ ಬಿದ್ದರೆ ತಂತಿ ಸ್ಪ್ರಿಂಗಿನಂತಾಗಿ ಹಿಡಿತವೇ ಇರುವುದಿಲ್ಲ, ತೀರಾ ದೂರವಾದರೆ ಬಗ್ಗಿಸುವಲ್ಲಿ ಆಸರೆಯಿಲ್ಲ. ತೊಗಟೆಗೆ ತಾಗಿರಬೇಕು, ಹಿಸುಕಬಾರದು. ಚಿಗುರಿನ ಮೊಗ್ಗು, ಎಲೆಯ ತೊಟ್ಟು ತಂತಿಯಡಿ ಸಿಕ್ಕಿಕೊಳ್ಳದಂತೆ ದಾಟಿಸಿಕೊಂಡು ಹೋಗಬೇಕು. ತುದಿಯಲ್ಲಿ ತಂತಿಯನ್ನು ಮಡಚಿ ಬಿಟ್ಟರೆ ಕಣ್ಣಿಗೆ ಚುಚ್ಚುವುದಿಲ್ಲ. ಮತ್ತೊಂದು ತೆಳು ತಂತಿ ಬೇಕಾದರೆ ಮೊದಲಿನದರ ಪಕ್ಕಕ್ಕೇ ಅಂಟಿಕೊಂಡು ಹೋಗಲಿ, ಅಡ್ಡ ಹಾಯಬಾರದು.

ತೋಟದವರು: ಬಗ್ಗಿಸುವಾಗ ಮುರಿದರೆ?

ಕುಂಡದವರು: ಬಾಗಿನ ಹೊರಬದಿಯಲ್ಲಿ ತಂತಿ ಇದ್ದರೆ ಅಲ್ಲಿನ ತೊಗಟೆ ಸೀಳುವುದು ಕಡಿಮೆ. ಸುತ್ತುವಾಗಲೇ ಬಾಗು ಎಲ್ಲಿ ಬರಬೇಕು ಎಂದು ಗೊತ್ತಿರಬೇಕು ಎನ್ನುವುದು ಇದಕ್ಕೇ. ಒಳಬದಿಗೆ ಎರಡೂ ಹೆಬ್ಬೆರಳು ಒತ್ತುಕೊಟ್ಟು, ಉಳಿದ ಬೆರಳುಗಳಿಂದ ಹೊರಗಿನಿಂದ ತಳ್ಳಬೇಕು. ತಂತಿ ಸುತ್ತಿದ ದಿಕ್ಕಿಗೇ ಕೊಂಬೆಯನ್ನು ಕೊಂಚ ತಿರುಚಿದರೆ ಹಿಡಿತ ಬಿಗಿಯಾಗುತ್ತದೆ, ಎದುರು ದಿಕ್ಕಿಗೆ ತಿರುಚಿದರೆ ಸಡಿಲ. ಚಟ್ಟೆಂದು ಸಣ್ಣ ಸದ್ದು ಬಂದ ಕೂಡಲೇ ಅಲ್ಲಿಗೇ ನಿಲ್ಲಿಸಬೇಕು. ಅರೆಬರೆ ಸೀಳಿದ ಬಸರಿ ಕೊಂಬೆಯನ್ನು ಹಾಗೇ ಬಿಗಿದು ಕಟ್ಟಿದರೆ ಹೆಚ್ಚಾಗಿ ಕೂಡಿಕೊಳ್ಳುತ್ತದೆ. ಬೆರಳು ಗಾತ್ರ ಮೀರಿದ ಕೊಂಬೆಗೆ ತಂತಿ ಸುತ್ತುವುದಕ್ಕಿಂತ, ರಬ್ಬರ್ ತುಂಡಿನ ಮೆತ್ತೆ ಹಾಕಿ ಕುಂಡದ ಅಂಚಿಗೆ ಎಳೆದು ಕಟ್ಟುವುದು ಲೇಸು. ಮತ್ತೊಂದು ಸಂಗತಿ, ಕೊಂಬೆ ಎತ್ತ ಬಾಗಿದರೂ ಅದರ ತುದಿ ಮೇಲ್ಮುಖವಾಗಿರಬೇಕು.

ತೋಟದವರು: ಅದು ಗೊತ್ತಿರುವುದೇ. ಕಾಫಿ ಗಿಡವನ್ನು ಬಗ್ಗಿಸಿದರೆ ಬಾಗಿದ ಜಾಗದ ನೆತ್ತಿಯಿಂದಲೇ ಕಂಬಚಿಗುರು ಏಳುತ್ತದೆ, ತುದಿ ಮಂಕಾಗುತ್ತದೆ.

ಕುಂಡದವರು: ಅದೇ ಕಾರಣ. ತುದಿ ತಗ್ಗಿದ ಬಸರಿ ಕೊಂಬೆ ಸೊರಗುತ್ತದೆ, ಬಾಗಿನ ಮೇಲೆ ಬೇಡದ ಚಿಗುರು ಏಳುತ್ತದೆ. ನೆರಳಲ್ಲಿ ಸೊರಗಿದ ಕೊಂಬೆಯನ್ನು ಈ ಬಳಗದ ಮರಗಳು ಕೈಬಿಟ್ಟೇಬಿಡುತ್ತವೆ. ಹಾಗಾಗಿ ದಪ್ಪವಾಗಬೇಕಾದ ಕೆಳಗೊಂಬೆಯ ತುದಿಯನ್ನು ಕತ್ತರಿಸದೆ ಒಂದೆರಡು ಹಂಗಾಮು ಉದ್ದಕ್ಕೆ ಬಿಡಬೇಕು. ನೋಡಲು ಚೆಂದವಿರುವುದಿಲ್ಲ, ನೆಂಟರು ನಗುತ್ತಾರೆ.

ತೋಟದವರು: ಈಗ ಕಾಲದ ಮಾತು. ಪುಸ್ತಕ ಚಳಿಗಾಲದ ಕೊನೆ ಎನ್ನುತ್ತದೆ.

ಕುಂಡದವರು: ಕೊಡಗಿನಲ್ಲಿ ಅದು ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚಿನ ದಿನಗಳು. ಪುತ್ತರಿ ಹಬ್ಬ ಮುಗಿದು ಕಾಫಿ ಕೊಯ್ಲು ನಡೆಯುತ್ತಿರುವಾಗ, ಜನವರಿ ಫೆಬ್ರವರಿಯಲ್ಲಿ, ಬಸರಿ ಬರಿದಾದ ಹೊತ್ತು ನೋಡಿ ಕತ್ತರಿಸಿ ತಂತಿ ಹಾಕಬೇಕು. ಎಲ್ಲ ಬಸರಿಯೂ ಒಟ್ಟಿಗೆ ಬೋಳಾಗುವುದಿಲ್ಲ, ಆದ್ದರಿಂದ ತಾರೀಖಿಗಿಂತ ಮರವನ್ನೇ ನೋಡುವುದು ಸರಿ. ಮೊಗ್ಗಿನ ಬಿಳಿಚು ಹೊದಿಕೆ ಉಬ್ಬಿ ಕಳಚಲು ಶುರುವಾಯಿತೆಂದರೆ ತಡವಾಯಿತು, ಎಳೆ ಚಿಗುರು ಕೈ ತಾಗಿದರೆ ಉದುರುತ್ತದೆ. ಒಂದೆರಡು ಮಳೆ ಬಿದ್ದ ಮೇಲೆ ಏಪ್ರಿಲ್, ಮೇಯಲ್ಲಿ ಬೆಳವಣಿಗೆ ಓಡುತ್ತದೆ, ತಂತಿ ಕಚ್ಚುವುದೂ ಆಗಲೇ. ಲಾರ್ಚಿಗೂ ಬೇಸಗೆಯಲ್ಲಿ ಇದೇ ಕಾಟ. ಬಸರಿಯ ನುಣುಪು ತೊಗಟೆಯಲ್ಲಿ ಮೊದಲು ತಂತಿಯ ಎರಡೂ ಪಕ್ಕ ಸಣ್ಣ ಏರಿಯಂತೆ ಉಬ್ಬುತ್ತದೆ. ಇನ್ನು ಕೆಲವು ವಾರ ಬಿಟ್ಟರೆ ತಂತಿ ಅರ್ಧ ಮುಳುಗಿರುತ್ತದೆ, ತೆಗೆದ ಮೇಲೆ ಉಳಿಯುವ ಸುರುಳಿ ಗುರುತು ಮಾಯಲು ವರ್ಷಗಳೇ ಬೇಕು. ಏಪ್ರಿಲ್ ಆದ ಮೇಲೆ ವಾರಕ್ಕೊಮ್ಮೆ ಪ್ರತಿಯೊಂದು ಸುತ್ತನ್ನೂ ನೋಡಲೇಬೇಕು.

ತೋಟದವರು: ಮಳೆಗಾಲದಲ್ಲಿ?

ಕುಂಡದವರು: ಮುಂಗಾರು ಹಿಡಿಯುವ ಮೊದಲೇ ಎಲ್ಲ ತಂತಿ ಬಿಚ್ಚಿಬಿಡುವುದು ಒಳ್ಳೆಯದು. ಮರಗಸಿಗೆ ಆಳು ಬಂದ ವಾರವೇ ಕುಂಡಕ್ಕೂ ಗೊತ್ತು ಮಾಡಿಕೊಂಡರೆ ಮರೆಯುವುದಿಲ್ಲ. ಒಳಗಿನ ಎಲೆ ವಿರಳ ಮಾಡಿ ಗಾಳಿ ಬೆಳಕಿಗೆ ದಾರಿ ಕೊಡುವುದನ್ನೂ ಆಗಲೇ ಮುಗಿಸಬಹುದು. ತಿಂಗಳುಗಟ್ಟಲೆ ಒದ್ದೆಯಾದ ತೊಗಟೆಯ ಮೇಲೆ ಬಿಗಿದ ತಂತಿ ಇರುವುದು ಹಿತವಲ್ಲ, ಜಡಿಮಳೆಯಲ್ಲಿ ಕೊಡೆ ಹಿಡಿದು ಕುಂಡದ ಸುತ್ತು ಎಣಿಸುವವರೂ ಯಾರಿಲ್ಲ. ಮಳೆ ಕಡಿಮೆಯಿರುವ ಕುಶಾಲನಗರದ ಕಡೆಯಾದರೆ ಮುಂದುವರಿಸಬಹುದು, ನೋಡುವವರಿದ್ದರೆ. ಮೇ ಕೊನೆಗೆ ಎಳೆ ಕೊಂಬೆಗಳು ನಿಂತಲ್ಲಿ ನಿಲ್ಲುವಷ್ಟು ಬಲಿತಿರುತ್ತವೆ. ಬಿಚ್ಚಿದ ಮೇಲೆ ಹಿಂದಕ್ಕೆ ಚಿಮ್ಮಿದವನ್ನು ಕಾವೇರಿ ಸಂಕ್ರಮಣ ಕಳೆದ ಮೇಲೆ ಮತ್ತೆ ಸುತ್ತಿದರಾಯಿತು.

ತೋಟದವರು: ತಂತಿಯೇ ಇಲ್ಲದೆ ಆಗುವುದಿಲ್ಲವೇ? ಕತ್ತರಿಯ ಕೆಲಸವಾದರೆ ತೋಟದವರಿಗೆ ಕೈಬಂದದ್ದು.

ಕುಂಡದವರು: ಆಗುತ್ತದೆ. ಚೀನಾದ ಗುವಾಂಗ್‌ಡಾಂಗ್ ಕಡೆಯ ಲಿಂಗ್‌ನಾನ್ ಪದ್ಧತಿ ಹೆಚ್ಚುಕಡಿಮೆ ಬರಿಯ ಕತ್ತರಿಯದೇ. ಕೊಂಬೆಯನ್ನು ಬೇಕಾದಷ್ಟು ದಪ್ಪವಾಗುವವರೆಗೆ ಬಿಟ್ಟು, ಬೇಕಾದ ದಿಕ್ಕಿಗೆ ನೋಡುವ ಮೊಗ್ಗಿನ ಮೇಲೆ ಕತ್ತರಿಸುತ್ತಾರೆ. ಹೊಸ ಚಿಗುರು ಆ ದಿಕ್ಕಿಗೆ ಹೋಗುತ್ತದೆ, ಅದೂ ದಪ್ಪವಾದ ಮೇಲೆ ಮತ್ತೆ ಕತ್ತರಿ. ಗುವಾಂಗ್‌ಡಾಂಗ್ ಸೆಕೆಯ, ಮಳೆಯ ನಾಡು, ಅಲ್ಲಿಯವರ ಕೈಗೆ ಆಲದ ಬಳಗದ ಮರಗಳೂ ಸಿಕ್ಕಿದ್ದವು. ಕೊಡಗಿಗೆ ಜಪಾನಿನ ಪುಸ್ತಕಕ್ಕಿಂತ ಈ ದಾರಿಯೇ ಹತ್ತಿರ. ಆದರೆ ಬುಡದಿಂದ ಹೊರಡುವ ಮೊದಲ ಕೋನವನ್ನು ಕತ್ತರಿ ತಿದ್ದಲಾರದು. ನೆಟ್ಟಗೆ ಮೇಲಕ್ಕೆ ಹೊರಟ ಎಳೆ ಕೊಂಬೆಯನ್ನು ಹೊರಕ್ಕೆ ಇಳಿಸಲು ತಂತಿಯೇ ಬೇಕು. ಅಷ್ಟಕ್ಕೆ ತಂತಿ, ಮುಂದಿನದಕ್ಕೆ ಕತ್ತರಿ ಎಂದಿಟ್ಟುಕೊಂಡರೆ ಹೊಸಬರ ಮೊದಲ ಎರಡು ಮೂರು ವರ್ಷ ಸುಲಲಿತ.

ತೋಟದವರು: ತಂತಿ ಬಿಚ್ಚುವುದು ಹೇಗೆ, ಸುತ್ತಿದಂತೆಯೇ ತಿರುಗಿಸಿಯೇ?

ಕುಂಡದವರು: ತಿರುಗಿಸಿ ಬಿಚ್ಚಲು ಹೋದರೆ ಮೊಗ್ಗು ಉದುರುತ್ತದೆ, ಕೊಂಬೆ ಮುರಿಯುತ್ತದೆ. ಒಂದೊಂದೇ ಸುತ್ತನ್ನು ಕಟಿಂಗ್ ಪ್ಲೈಯರಿನ ಮೂತಿಯಿಂದ ಕತ್ತರಿಸಿ ತುಂಡು ತುಂಡಾಗಿ ತೆಗೆಯಬೇಕು. ಮೂತಿ ತೊಗಟೆಗೆ ತಾಗದಂತೆ ಹೊರಬದಿಯಿಂದ ಕತ್ತರಿಸುವುದು ಸುರಕ್ಷಿತ. ಕಚ್ಚಿಹೋದ ಕಡೆ ಎಳೆಯದೆ, ಎರಡೂ ಪಕ್ಕ ಕತ್ತರಿಸಿ ನಡುವಿನ ತುಂಡನ್ನು ಕೊಂಚವೇ ಎಬ್ಬಿಸಬೇಕು.

ತೋಟದವರು: ಅಷ್ಟು ತಂತಿ ಹಾಳಾಯಿತಲ್ಲ!

ಕುಂಡದವರು: ಅಲ್ಯೂಮಿನಿಯಂ ತುಂಡು ಗುಜರಿಗೆ. ಅದರಲ್ಲಿ ಉದ್ದವಾದವು ಕುಂಡದ ತಳದ ತೂತಿಗೆ ಜಾಲರಿ ಕಟ್ಟಲು, ಮರ ಅಲುಗದಂತೆ ಬೇರನ್ನು ಕುಂಡಕ್ಕೆ ಬಿಗಿಯಲು ಆಗುತ್ತವೆ. ತಾಮ್ರವಾದರೆ ನೆಟ್ಟಗೆ ಮಾಡಿ ಮತ್ತೆ ಕಾಯಿಸಿದರೆ ಮೊದಲಿನ ಹಾಗೇ ಮೆದು, ತುಂಡು ಗಿಡ್ಡವಾದಷ್ಟೂ ಸಣ್ಣ ರೆಂಬೆಗೆ.